ರಾಮನಗರ ಸೀಮೆಯ ಕ್ರೈಸ್ತರಲ್ಲಿ ಪ್ರಸಂಗ ಶ್ರವಣ: ಒಂದು ಚಾರಿತ್ರಿಕ ವಿವೇಚನೆ

ಜಾನಪದ ಅಧ್ಯಯನವು ಬಹುಕಾಲ ಹೇಳುವವನ ಸುತ್ತಲೇ ಬೆಳೆದು ಬಂದಿದೆ. ಕಥೆಗಾರ, ಮುಮ್ಮೇಳ, ಹಿಮ್ಮೇಳ, ಪಾಠಾಂತರ, ಪ್ರದರ್ಶನ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಎದುರಿಗೆ ಕುಳಿತು ಕೇಳುವವನ ಬಗ್ಗೆ ನಡೆದಿರುವ ಚರ್ಚೆ ಕಡಿಮೆ. ಧರ್ಮಬೋಧನೆಯ ಚರಿತ್ರೆಯಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಪಾದ್ರಿಗಳು ಏನನ್ನು ಬೋಧಿಸಿದರು, ಯಾವ ಗ್ರಂಥಗಳನ್ನು ಬರೆದರು, ಎಲ್ಲಿ ದೇವಾಲಯ ಕಟ್ಟಿದರು ಎಂಬುದಕ್ಕೆ ಬರಹದ ದಾಖಲೆಗಳಿವೆ. ಬೋಧನೆಯನ್ನು ಕೇಳಿದವರು ಅದನ್ನು ಹೇಗೆ ಕೇಳಿದರು, ಕೇಳಿದ್ದರಲ್ಲಿ ಯಾವುದನ್ನು ಉಳಿಸಿಕೊಂಡರು, ಮುಂದಿನ ತಲೆಮಾರಿಗೆ ಹೇಗೆ ದಾಟಿಸಿದರು ಎಂಬ ಪ್ರಶ್ನೆ ಬದಿಗೆ ಸರಿದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಕ್ರೈಸ್ತರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ನೀಡಲು ತೀರ್ಮಾನಿಸಿತು. ಆಡಳಿತದ ಗಡಿ ಬದಲಾದರೂ ಭಾಷೆ, ಬೇಸಾಯ, ಜಾತ್ರೆ, ಆರಾಧನೆಗಳ ದೃಷ್ಟಿಯಿಂದ ಇದು ಒಂದೇ ಸಾಂಸ್ಕೃತಿಕ ಸೀಮೆ.

ಕೇಳು ಎಂಬ ಕ್ರಿಯಾಪದ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಮೂರು ಅರ್ಥಗಳಿವೆ. ಕಿವಿಗೊಡುವುದು ಮೊದಲನೆಯದು. ಪ್ರಶ್ನಿಸುವುದು ಎರಡನೆಯದು. ಹೇಳಿದಂತೆ ನಡೆಯುವುದು ಮೂರನೆಯದು. ‘ಕಥೆ ಕೇಳಿದ’, ‘ದಾರಿ ಕೇಳಿದ’, ‘ಹಿರಿಯರ ಮಾತು ಕೇಳಿದ’ ಎನ್ನುವಾಗ ಒಂದೇ ಪದ ಮೂರು ಬೇರೆ ಕೆಲಸಗಳನ್ನು ಮಾಡುತ್ತದೆ. ಕ್ರೈಸ್ತ ಧರ್ಮಬೋಧನೆಯನ್ನು ಕೇಳುವ ಬಗೆಯನ್ನು ಕುರಿತು ಆ ಧರ್ಮದ ಆಚಾರ್ಯರು ಎರಡು ಸಾವಿರ ವರ್ಷಗಳಲ್ಲಿ ಹೇಳಿರುವುದನ್ನು ಒಟ್ಟುಗೂಡಿಸಿದರೆ ಅದು ಈ ಮೂರು ಅರ್ಥಗಳ ವ್ಯಾಪ್ತಿಯಲ್ಲಿಯೇ ಬರುತ್ತದೆ.

ಇನ್ನೊಂದು ಪದವೂ ಗಮನಾರ್ಹ. ಕನ್ನಡ ಕ್ರೈಸ್ತರು ಗುರುಗಳ ಬೋಧನೆಯನ್ನು ‘ಪ್ರಸಂಗ’ ಎಂದು ಕರೆಯುತ್ತ ಬಂದಿದ್ದಾರೆ. ಬಯಲಾಟದಲ್ಲಿ ಆಡಲು ಆರಿಸಿಕೊಂಡ ಕಥಾಭಾಗಕ್ಕೂ ಪ್ರಸಂಗವೆಂದೇ ಹೆಸರು. ಒಂದೇ ಊರಿನಲ್ಲಿ ರಾತ್ರಿ ಆಟದ ಪ್ರಸಂಗ, ಭಾನುವಾರ ಬೆಳಿಗ್ಗೆ ದೇವಾಲಯದ ಪ್ರಸಂಗ ನಡೆಯುವಾಗ ಕೇಳುಗ ಎರಡು ಬಗೆಯ ಶ್ರವಣವನ್ನೂ ಬಲ್ಲವನಾಗಿರುತ್ತಾನೆ. ಒಂದರ ಅಭ್ಯಾಸ ಇನ್ನೊಂದರೊಳಕ್ಕೆ ಬರುವುದು ಸಹಜ.

ಸೀಮೆಯ ಶ್ರವಣ ಪರಂಪರೆ

ಈ ಸೀಮೆಯ ಜನ ಕಥನವನ್ನು ಕೇಳಿ ಬೆಳೆದವರು. ಮಂಟೇಸ್ವಾಮಿ ಪರಂಪರೆಯ ನೀಲಗಾರರು, ಮಲೆಯ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು, ವಂಶಾವಳಿ ಹೇಳುವ ಹೆಳವರು, ಭಜನೆಯ ತತ್ವಪದಕಾರರು, ಹರಿಕಥೆಯ ದಾಸರು ಇವರೆಲ್ಲರೂ ಇಲ್ಲಿಯ ಊರುಗಳಿಗೆ ಪರಿಚಿತರು. ಶಿವರಾತ್ರಿಯ ಹೊತ್ತಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಭಕ್ತರು ಕನಕಪುರದ ಹಾದಿಯಲ್ಲಿ ಸಂಗಮದ ಕಡೆಗೆ ಸಾಗುತ್ತಾರೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ರೂಪಿಸಿದ್ದು ಇಂಥ ಪರಂಪರೆಗಳ ನಡುವೆ.

ಈ ಕಥನಗಳಲ್ಲಿ ಕೇಳುಗ ಸುಮ್ಮನಿರುವವನಲ್ಲ. ಕಥೆ ಹೇಳುವವನಿಗೆ ಎದುರಾಗಿ ಒಬ್ಬ ‘ಹೂಂಗುಟ್ಟುವವನು’ ಬೇಕು. ‘ಹೂಂ’ ಎಂಬುದು ನಿಂತರೆ ಕಥೆಯೂ ನಿಲ್ಲುತ್ತದೆ. ನೀಲಗಾರರ ಮೇಳದಲ್ಲಿ ಹಿಮ್ಮೇಳದವರು ಸೊಲ್ಲೆತ್ತಿ ಮುಂದಾಳಿನ ಮಾತನ್ನು ಮರಳಿ ಹಾಡುತ್ತಾರೆ. ಹೀಗೆ ಮರಳಿ ನುಡಿಯುವುದೇ ಕೇಳಿದ್ದಕ್ಕೆ ಸಾಕ್ಷಿ. ಕೇಳದವನನ್ನು ಗುರುತಿಸುವ ಗಾದೆಗಳಿಗೂ ಕೊರತೆಯಿಲ್ಲ. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗೆದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಎಂದು ವಿಚಾರಿಸಿದವನು ಗಾದೆಯಲ್ಲಿ ಚಿರಂಜೀವಿಯಾಗಿದ್ದಾನೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ, ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಮಾತುಗಳೂ ಅದೇ ಜಾತಿಯವು.

ಕ್ರೈಸ್ತ ಪರಂಪರೆಯಲ್ಲಿ ಕೇಳುಗನ ಲಕ್ಷಣ

ಶುಭಸಂದೇಶಗಳಲ್ಲಿ ಬರುವ ಬಿತ್ತುವವನ ಸಾಮತಿ ವಾಸ್ತವವಾಗಿ ಕೇಳುಗರ ವರ್ಗೀಕರಣ. ಬೀಜ ಒಂದೇ, ಬಿತ್ತುವವನೂ ಒಬ್ಬನೇ. ನೆಲ ಮಾತ್ರ ನಾಲ್ಕು ಬಗೆ. ಕಾಲುದಾರಿ, ಬಂಡೆಯ ಮೇಲಿನ ತೆಳುಮಣ್ಣು, ಮುಳ್ಳುಪೊದೆ, ಹದವಾದ ಭೂಮಿ. ಬೆಳೆ ಬಾರದಿದ್ದಾಗ ತಪ್ಪು ಬೀಜದ್ದಲ್ಲ, ನೆಲದ್ದು ಎಂಬುದು ಇದರ ತಾತ್ಪರ್ಯ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಸಿರುವ ಬಂಡೆಗಳ ನಡುವೆ ರಾಗಿ, ಅವರೆ, ಹುರುಳಿ ಬೆಳೆಯುವ ಈ ಸೀಮೆಯ ರೈತನಿಗೆ ಬಂಡೆಯ ಮೇಲಿನ ತೆಳುಮಣ್ಣೆಂದರೇನು ಎಂದು ವಿವರಿಸಬೇಕಾಗಿಲ್ಲ. ಅಲ್ಲಿ ಬಿದ್ದ ಕಾಳು ಮೊದಲ ಮಳೆಗೇ ಎಲ್ಲಕ್ಕಿಂತ ಮುಂಚೆ ಮೊಳೆಯುತ್ತದೆ, ಬಿಸಿಲು ಬಿದ್ದೊಡನೆ ಒಣಗುತ್ತದೆ. ಪ್ರಸಂಗ ಕೇಳುವಾಗ ಕಣ್ಣೀರಿಟ್ಟು ಹೊರಬಂದೊಡನೆ ಮರೆಯುವವನ ಚಿತ್ರ ಇದಕ್ಕಿಂತ ಸ್ಪಷ್ಟವಾಗಲಾರದು. ಆದರೆ ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವ ರೈತ ದಾರಿಯ ಮೇಲೆ ಬೀಜ ಬಿದ್ದದ್ದು ಹೇಗೆ ಎಂದು ಕೇಳಬಹುದು. ಕೈಯಿಂದ ಎರಚುವ ಚೆಲ್ಲುಬಿತ್ತನೆಯ ದೇಶದ ಕಥೆಯಿದು ಎಂದು ಬೋಧಕ ಆಗ ವಿವರಿಸಬೇಕಾಗುತ್ತದೆ. ಕೇಳುಗನ ಪ್ರಶ್ನೆಯಿಂದ ಬೋಧಕನ ವ್ಯಾಖ್ಯಾನ ತಿದ್ದಿಕೊಳ್ಳುವ ಬಗೆ ಇದು.

ಪ್ರಶ್ನಿಸುವ ಕೇಳುಗನನ್ನು ಬೈಬಲ್ ಹೊಗಳಿದೆ. ಬೆರೋಯ ಪಟ್ಟಣದವರು ಪೌಲನ ಬೋಧನೆಯನ್ನು ಆಸಕ್ತಿಯಿಂದ ಕೇಳಿ, ಅದು ನಿಜವೋ ಅಲ್ಲವೋ ಎಂದು ದಿನವೂ ಶಾಸ್ತ್ರಗಳನ್ನು ಶೋಧಿಸಿ ನೋಡಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತದೆ. ಕೇಳಿ ಪಾಲಿಸದವನನ್ನು ಯಾಕೋಬನ ಪತ್ರವು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತನ್ನ ರೂಪವನ್ನು ಮರೆತವನಿಗೆ ಹೋಲಿಸುತ್ತದೆ. ಬೋಧಕನ ನಡತೆ ಸರಿಯಿಲ್ಲದಿದ್ದಾಗ ಏನು ಮಾಡಬೇಕೆಂಬುದಕ್ಕೂ ಉತ್ತರವಿದೆ. ಧರ್ಮಪೀಠದಲ್ಲಿ ಕುಳಿತವರು ಹೇಳಿದ್ದನ್ನು ಪಾಲಿಸಿ, ಅವರು ಮಾಡುವಂತೆ ಮಾಡಬೇಡಿ ಎಂಬ ಅರ್ಥದ ಉಪದೇಶ ಮತ್ತಾಯನ ಶುಭಸಂದೇಶದಲ್ಲಿದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆ ಪುರಾಣಿಕನನ್ನು ನಗೆಗೀಡುಮಾಡಿ ಅಲ್ಲಿಗೆ ನಿಲ್ಲುತ್ತದೆ. ಕ್ರೈಸ್ತ ಉಪದೇಶವು ಒಂದು ಹೆಜ್ಜೆ ಮುಂದೆ ಹೋಗಿ, ಪುರಾಣಿಕನ ಬದನೆಕಾಯಿ ಪುರಾಣ ಕೇಳದಿರುವುದಕ್ಕೆ ನೆಪವಾಗಬಾರದು ಎನ್ನುತ್ತದೆ.

ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಅಂತಿಯೋಕ್ಯದಲ್ಲಿಯೂ ಅನಂತರ ಕಾನ್‌ಸ್ಟಾಂಟಿನೋಪಲಿನಲ್ಲಿಯೂ ಬೋಧಿಸಿದ ಸಂತ ಜಾನ್ ಕ್ರಿಸೊಸ್ತೊಮ್ ಜನ ತನ್ನ ಪ್ರಸಂಗಕ್ಕೆ ಚಪ್ಪಾಳೆ ತಟ್ಟುವುದನ್ನು ಆಕ್ಷೇಪಿಸಿದ. ಜನ ನಾಟಕ ನೋಡಲು ಬಂದಂತೆ ದೇವಾಲಯಕ್ಕೆ ಬರುತ್ತಾರೆಂಬುದು ಅವನ ದೂರು. ಮನೆಗೆ ಹೋದ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೇಳಿದ್ದನ್ನು ಮತ್ತೆ ಹೇಳಿಕೊಳ್ಳಬೇಕೆಂದು ಆತ ವಿಧಿಸಿದ. ಅವನ ಕಿರಿಯ ಸಮಕಾಲೀನನಾದ ಸಂತ ಅಗಸ್ಟಿನ್, ಹೊಸಬರಿಗೆ ಉಪದೇಶ ಮಾಡುವ ಬಗೆಯನ್ನು ತಿಳಿಸಲು ಬರೆದ ಗ್ರಂಥದಲ್ಲಿ, ನಿಂತು ಕೇಳಿ ದಣಿದವನಿಗೆ ಕೂರಲು ಅವಕಾಶ ಕೊಡಬೇಕೆಂದು ಬೋಧಕನಿಗೆ ಸೂಚಿಸಿದ. ಪೌಲನ ದೀರ್ಘ ಪ್ರಸಂಗದ ನಡುವೆ ಕಿಟಕಿಯಲ್ಲಿ ಕುಳಿತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ ಯೂತಿಖನ ಕಥೆ ಬೈಬಲಿನಲ್ಲೇ ಇರುವುದರಿಂದ ಕೇಳುಗನ ಆಯಾಸ ಹೊಸ ಸಮಸ್ಯೆಯಲ್ಲ.

ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಇದು ನಿಯಮಗಳ ರೂಪ ಪಡೆಯಿತು. 1640ರ ದಶಕದಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ದೊಡ್ಡ ಪ್ರಶ್ನೋತ್ತರಿಯು ಕೇಳುಗನ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಸಿದ್ಧತೆ ಮತ್ತು ಪ್ರಾರ್ಥನೆಯೊಂದಿಗೆ ಬರಬೇಕು. ಕೇಳಿದ್ದನ್ನು ಶಾಸ್ತ್ರದೊಂದಿಗೆ ಹೋಲಿಸಿ ನೋಡಬೇಕು. ಧ್ಯಾನಿಸಬೇಕು, ಇತರರೊಂದಿಗೆ ಚರ್ಚಿಸಬೇಕು, ಹೃದಯದಲ್ಲಿಟ್ಟುಕೊಂಡು ಬದುಕಿನಲ್ಲಿ ಫಲ ತೋರಿಸಬೇಕು. ಜಾನ್ ವೆಸ್ಲಿ 1742ರಲ್ಲಿ ಬ್ರಿಸ್ಟಲ್‌ನಲ್ಲಿ ಆರಂಭಿಸಿದ ಸಣ್ಣ ಗುಂಪುಗಳಲ್ಲಿ ಪ್ರತಿ ಸದಸ್ಯನೂ ತನ್ನ ನಡತೆಗೆ ವಾರವಾರವೂ ಉತ್ತರ ಹೇಳಬೇಕಾಗಿತ್ತು. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಭಾರತೀಯ ಕ್ರಮವನ್ನು ಬಲ್ಲವರಿಗೆ ಇವುಗಳ ಸೋದರಸಂಬಂಧ ಹೊಳೆಯದಿರದು. ಭೇದವೂ ಇದೆ. ನಿದಿಧ್ಯಾಸನ ಏಕಾಂತದ ಸಾಧನೆ. ಮೇಲಿನ ನಿಯಮಗಳು ಶ್ರವಣದ ಫಲವನ್ನು ಸಮುದಾಯದ ನಡುವೆ ಪರೀಕ್ಷೆಗೊಡ್ಡುತ್ತವೆ.

ಗುರುವಿಲ್ಲದ ಕಾಲದ ಕೇಳುಗರು

ಹಳೆ ಮೈಸೂರಿನಲ್ಲಿ ಕ್ರೈಸ್ತ ಬೋಧನೆಯ ವ್ಯವಸ್ಥಿತ ಚರಿತ್ರೆ 1648ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಆರಂಭವಾಗುತ್ತದೆ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಅಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ. ಮಧುರೈ ಮಿಷನ್ನಿನಲ್ಲಿ ರಾಬರ್ಟ್ ಡಿ ನೊಬಿಲಿ ರೂಪಿಸಿದ್ದ ಸಂನ್ಯಾಸಿ ವೇಷದ, ದೇಶಭಾಷೆಯ ಬೋಧನಾ ಮಾದರಿ ಇಲ್ಲಿಯೂ ಪ್ರಭಾವ ಬೀರಿತು. ಚಿನ್ನಮಿ ಕನ್ನಡ ಕಲಿತು ವ್ಯಾಕರಣವನ್ನೂ ಜ್ಞಾನೋಪದೇಶದ ಗ್ರಂಥವನ್ನೂ ರಚಿಸಿದ. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ರೈಸ್ತರು ತಮ್ಮ ಮೂಲವನ್ನು ಯೇಸುಸಭೆಯವರ ಕಾಲಕ್ಕೇ ಒಯ್ಯುತ್ತಾರೆ.

ವಿಶಾಲವಾದ ಪ್ರದೇಶಕ್ಕೆ ಇದ್ದ ಗುರುಗಳು ಬೆರಳೆಣಿಕೆಯಷ್ಟು. 1563ರ ಟ್ರೆಂಟ್ ಮಹಾಸಭೆಯ ನಿರ್ಣಯದಂತೆ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಪ್ರಸಂಗ ನಡೆಯಬೇಕಿತ್ತು. ಯೂರೋಪಿನ ಧರ್ಮಕೇಂದ್ರಗಳಿಗೆ ಹೊಂದುವ ಈ ನಿಯಮ ಮೈಸೂರಿನ ಹಳ್ಳಿಗಳಲ್ಲಿ ಅಕ್ಷರಶಃ ನಡೆಯುವಂತಿರಲಿಲ್ಲ. ಗುರುಗಳು ಸಂಚಾರದಲ್ಲಿರುತ್ತಿದ್ದರು. ಅವರಿಲ್ಲದಾಗ ಹೊಣೆ ‘ಉಪದೇಶಿ’ಯದು. ಈತ ಸ್ಥಳೀಯ, ಗೃಹಸ್ಥ. ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸುವುದು, ಭಾನುವಾರ ಜನರನ್ನು ಸೇರಿಸುವುದು ಇವನ ಕೆಲಸ. ಉಪದೇಶಿ ಮೊದಲು ಒಳ್ಳೆಯ ಕೇಳುಗ, ಆಮೇಲೆ ಹೇಳುವವನು. ಗುರುಗಳಿಂದ ಕೇಳಿದ್ದನ್ನು ಅವನು ತಪ್ಪಿಲ್ಲದೆ ನೆನಪಿಡದಿದ್ದರೆ ಊರಿಗೆ ಬೇರೆ ದಾರಿಯಿರಲಿಲ್ಲ.

ಹದಿನೆಂಟನೆಯ ಶತಮಾನದ ಉತ್ತರಾರ್ಧ ಈ ವ್ಯವಸ್ಥೆಗೆ ಕಠಿಣ ಪರೀಕ್ಷೆಯ ಕಾಲವಾಯಿತು. ಪೋರ್ಚುಗಲ್ 1759ರಲ್ಲಿ ತನ್ನ ಆಳ್ವಿಕೆಯ ಪ್ರದೇಶಗಳಿಂದ ಯೇಸುಸಭೆಯನ್ನು ಹೊರಹಾಕಿತು. 1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಸಭೆಯನ್ನೇ ವಿಸರ್ಜಿಸಿದರು. ಮೈಸೂರು ಯುದ್ಧಗಳೂ ಟಿಪ್ಪುವಿನ ಕಾಲದ ಸಂಕಷ್ಟಗಳೂ ಇದರೊಂದಿಗೆ ಸೇರಿದವು. ಶ್ರೀರಂಗಪಟ್ಟಣ 1799ರಲ್ಲಿ ಪತನವಾದ ಮೇಲೆ ಪ್ಯಾರಿಸ್ ಮಿಷನ್ನಿನ ಅಬ್ಬೆ ದ್ಯುಬುವಾ ಮೈಸೂರಿಗೆ ಬಂದು ಚದುರಿದ ಸಮುದಾಯಗಳನ್ನು ಸಂಘಟಿಸತೊಡಗಿದ. ಆ ಮಧ್ಯದ ದಶಕಗಳಲ್ಲಿ ವಿಶ್ವಾಸವನ್ನು ಉಳಿಸಿದ್ದು ಗ್ರಂಥವಲ್ಲ, ಪ್ರಸಂಗವೂ ಅಲ್ಲ; ಹಿಂದೆ ಕೇಳಿದ್ದರ ನೆನಪು. ಮನೆಯಲ್ಲಿ ಸಂಜೆ ಒಟ್ಟಿಗೆ ಹೇಳುವ ಜಪ, ಅಜ್ಜಿ ಮೊಮ್ಮಗುವಿಗೆ ಕಲಿಸಿದ ಶಿಲುಬೆಯ ಗುರುತು, ಸಂತರ ಕಥೆ ಇವುಗಳೇ ಆಗಿನ ಬೋಧನೆ. ಕ್ರಿಸೊಸ್ತೊಮ್ ವಿಧಿಸಿದ್ದ ಮನೆಯ ಪುನರುಚ್ಚಾರಣೆ ಇಲ್ಲಿ ಅನಿವಾರ್ಯತೆಯಿಂದ ನೆರವೇರಿತು. ಅಸಡ್ಡೆಯಿಂದ ಕೇಳಿದ್ದರೆ ಎರಡನೆಯ ತಲೆಮಾರಿಗೆ ದಾಟಿಸಲು ಏನೂ ಉಳಿಯುತ್ತಿರಲಿಲ್ಲ. ಶ್ರವಣದ ಪ್ರಶ್ನೆ ಶಿಷ್ಟಾಚಾರದ ಪ್ರಶ್ನೆಯಾಗಿರದೆ ಸಮುದಾಯದ ಉಳಿವಿನ ಪ್ರಶ್ನೆಯಾಗಿತ್ತೆಂಬುದನ್ನು ಒತ್ತಿ ಹೇಳಬೇಕು.

ಸಂತೆಯ ಕೇಳುಗರು ಮತ್ತು ಭಾಷೆಯ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದಲ್ಲಿ ಬೋಧನೆ ದೇವಾಲಯದ ಗೋಡೆಯಿಂದ ಹೊರಬಂದಿತು. ಲಂಡನ್ ಮಿಷನ್ನಿನವರು ಬೆಂಗಳೂರಿನಲ್ಲಿ 1820ರಿಂದ ಕೆಲಸ ಮಾಡಿದರು. ಶಾಸನತಜ್ಞ ಬಿ.ಎಲ್. ರೈಸರ ತಂದೆ ಬೆಂಜಮಿನ್ ರೈಸ್ 1837ರಿಂದ ಸುಮಾರು ಐವತ್ತು ವರ್ಷ ಅಲ್ಲಿದ್ದರು. ಅದೇ ವರ್ಷ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಮಾಡಿದ. ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರ್ 1847ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಸೂರು ಸೀಮೆಯ ಬಹಿರಂಗ ಬೋಧನೆಗಳನ್ನೂ ಅಲ್ಲಿ ನಡೆದ ವಾದಗಳನ್ನೂ ವರ್ಣಿಸಿದ್ದಾನೆ. ಸಂತೆ, ಜಾತ್ರೆ, ಚಾವಡಿಗಳಲ್ಲಿ ನೆರೆದವರು ದೇವಾಲಯದಲ್ಲಿ ಕುಳಿತವರಂತೆ ಮೌನವಾಗಿರುವವರಲ್ಲ. ತಡೆದು ಕೇಳುವವರು, ಎದುರು ವಾದಿಸುವವರು, ನಕ್ಕು ಹೋಗುವವರು ಅಲ್ಲಿದ್ದರು. ‘ಕೇಳು’ ಪದದ ಎರಡನೆಯ ಅರ್ಥ ಇಲ್ಲಿ ಮುನ್ನೆಲೆಗೆ ಬಂದಿತು. ಹರಿಕಥೆ, ಪುರಾಣಗಳ ಮರ್ಮ ಬಲ್ಲ ಕೇಳುಗರ ಪ್ರಶ್ನೆಗಳು ಮಿಷನರಿಗಳನ್ನು ಸ್ಥಳೀಯ ಶಾಸ್ತ್ರ, ಗಾದೆ, ಪದಗಳ ಅಧ್ಯಯನಕ್ಕೆ ಹಚ್ಚಿದವು.

ಭಾಷೆಯ ಗುಣಮಟ್ಟವನ್ನು ನಿರ್ಧರಿಸಿದವರೂ ಕೇಳುಗರೇ. ಪೂರ್ಣ ಕನ್ನಡ ಬೈಬಲ್ 1831ರ ವೇಳೆಗೆ ಅಚ್ಚಾಯಿತು. ಅದಕ್ಕೂ ಮುಂಚೆ, 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ದ್ಯುಬುವಾ ದೇಶಭಾಷೆಗಳ ಅಂದಿನ ಅನುವಾದಗಳನ್ನು ಕಟುವಾಗಿ ಟೀಕಿಸಿದ್ದ. ಒರಟು ಶೈಲಿಯ ಗ್ರಂಥ ತಿಳಿದ ಕೇಳುಗರಲ್ಲಿ ಗೌರವ ಹುಟ್ಟಿಸಲಾರದೆಂಬುದು ಅವನ ವಾದ. ಬೆಂಗಳೂರಿನ ಕಥೋಲಿಕ ಮಿಷನ್ 1855ರಲ್ಲಿ ಕನ್ನಡ–ಲ್ಯಾಟಿನ್, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟುಗಳನ್ನು ಪ್ರಕಟಿಸಿತು. ಇದೇ ಮಾರ್ಗ ಉತ್ತರ ಕರ್ನಾಟಕದಲ್ಲಿ ಇನ್ನೂ ಮುಂದೆ ಸಾಗಿತು. ಬಾಸೆಲ್ ಮಿಷನ್ನಿನ ಬೋಧಕ ಉತ್ತಂಗಿ ಚನ್ನಪ್ಪನವರು ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಉತ್ತಂಗಿಯವರು ಬೋಧಕನೂ ಕೇಳುಗನಾಗಬೇಕೆಂಬುದಕ್ಕೆ ಉತ್ತಮ ನಿದರ್ಶನ.

ಹಾರೋಬೆಲೆ: ಕೇಳಿದ್ದನ್ನು ಆಡಿ ತೋರಿಸುವುದು

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿ ಜಲಾಶಯದ ಬಳಿಯಿರುವ ಹಾರೋಬೆಲೆ ಕ್ರೈಸ್ತರೇ ಬಹುಸಂಖ್ಯೆಯಲ್ಲಿರುವ ಗ್ರಾಮ. ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ತಪಸ್ಸು ಕಾಲದ ಕೊನೆಯ ವಾರದಲ್ಲಿ ನಾಟಕವಾಗಿ ಆಡುವ ಸಂಪ್ರದಾಯ ಇಲ್ಲಿ ಒಂದು ಶತಮಾನಕ್ಕೂ ಹಿಂದಿನಿಂದ ನಡೆದು ಬಂದಿದೆ. ಗ್ರಾಮಸ್ಥರೇ ಪಾತ್ರಧಾರಿಗಳು. ಸುತ್ತಲಿನ ಊರುಗಳ ಕ್ರೈಸ್ತರೂ ಕ್ರೈಸ್ತೇತರರೂ ನೋಡಲು ಸೇರುತ್ತಾರೆ.

ಶ್ರವಣದ ದೃಷ್ಟಿಯಿಂದ ಈ ನಾಟಕಕ್ಕೆ ವಿಶೇಷ ಸ್ಥಾನವಿದೆ. ವರ್ಷವಿಡೀ ಪೀಠದ ಎದುರು ಕುಳಿತು ಕೇಳುವವರು ಇಲ್ಲಿ ತಾವೇ ನುಡಿಯುತ್ತಾರೆ. ಯೂದನ ಪಾತ್ರ ವಹಿಸಿದವನು ದ್ರೋಹವನ್ನು, ಪೇತ್ರನ ಪಾತ್ರ ವಹಿಸಿದವನು ನಿರಾಕರಣೆಯನ್ನು, ಶಿಲುಬೆ ಹೊತ್ತವನು ಅದರ ಭಾರವನ್ನು ಮೈಯಿಂದ ಅರಿಯುತ್ತಾನೆ. ಹೂಂಗುಟ್ಟುವವನೇ ಇಲ್ಲಿ ಕಥೆಗಾರನಾಗುತ್ತಾನೆ. ಪ್ರಸಂಗವೆಂಬ ಪದದ ಎರಡು ಅರ್ಥಗಳೂ ಒಂದಾಗುವುದು ಈ ರಂಗದಲ್ಲಿ. ನಾಟಕ ನೋಡುವಂತೆ ಪ್ರಸಂಗ ಕೇಳುತ್ತಾರೆಂದು ಕ್ರಿಸೊಸ್ತೊಮ್ ದೂರಿದ್ದ. ಹಾರೋಬೆಲೆಯ ಜನ ಪ್ರಸಂಗ ಕೇಳುವ ಶ್ರದ್ಧೆಯಿಂದ ನಾಟಕ ನೋಡುವುದನ್ನು ಕಲಿತಿದ್ದಾರೆ.

ಊರಿನ ಬಳಿಯ ಬೆಟ್ಟದಲ್ಲಿ ಕ್ರೈಸ್ತರು ಶಿಲುಬೆ ಹಾದಿಯ ಪ್ರಾರ್ಥನೆ ನಡೆಸುತ್ತಾರೆ. ಅವರಿಗೆ ಅದು ಕಪಾಲಬೆಟ್ಟ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿನ ಅರ್ಥವೂ ಕಪಾಲವೆಂದೇ. 2019ರ ಡಿಸೆಂಬರ್‌ನಲ್ಲಿ ಅಲ್ಲಿ ಕ್ರಿಸ್ತನ ಬೃಹತ್ ಪ್ರತಿಮೆಗೆ ಶಂಕುಸ್ಥಾಪನೆ ನಡೆದ ಮೇಲೆ ಬೆಟ್ಟ ವಿವಾದಕ್ಕೊಳಗಾಯಿತು. ಅದು ಮುನೇಶ್ವರನ ಬೆಟ್ಟವೆಂಬ ಪ್ರತಿವಾದ ಹುಟ್ಟಿತು. 2020ರ ಜನವರಿಯಲ್ಲಿ ಕನಕಪುರದಲ್ಲಿ ವಿರೋಧದ ಮೆರವಣಿಗೆಯೂ ನಡೆಯಿತು. ವಿವಾದದ ಸರಿತಪ್ಪು ಈ ಪ್ರಬಂಧದ ವ್ಯಾಪ್ತಿಯದಲ್ಲ. ಒಂದೇ ಬೆಟ್ಟದ ಹೆಸರನ್ನು ಎರಡು ಗುಂಪುಗಳು ಎರಡು ಬಗೆಯಾಗಿ ಕೇಳಿಸಿಕೊಳ್ಳಬಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಅಂಶ. ಒಬ್ಬರ ಕಥೆಗೆ ಇನ್ನೊಬ್ಬರು ಹೂಂಗುಟ್ಟುತ್ತ ಬಂದ ಸೀಮೆಯಲ್ಲಿ ಆ ಅಭ್ಯಾಸ ಕ್ಷೀಣಿಸಿದರೆ ಆಗುವ ನಷ್ಟ ಕೇವಲ ಕ್ರೈಸ್ತರದಲ್ಲ.

ಮಹಾಸಭೆಯ ನಂತರ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಆರಾಧನಾ ವಿಧಿಯ ದಸ್ತಾವೇಜು ಕಥೋಲಿಕ ಕೇಳುಗನ ಸ್ಥಾನವನ್ನು ಬದಲಿಸಿತು. ಅದುವರೆಗೆ ಪೂಜೆ ಲ್ಯಾಟಿನ್‌ನಲ್ಲಿ, ಪ್ರಸಂಗ ಮಾತ್ರ ದೇಶಭಾಷೆಯಲ್ಲಿ ನಡೆಯುತ್ತಿದ್ದವು. ಮಹಾಸಭೆ ದೇಶಭಾಷೆಗಳಿಗೆ ಪೂಜೆಯಲ್ಲಿ ಅವಕಾಶ ಕೊಟ್ಟಿತು. ಪ್ರಸಂಗವು ಪೂಜೆಯ ಅಂಗವೇ ಎಂದು ಸಾರಿ, ಭಾನುವಾರ ಮತ್ತು ಕಡ್ಡಾಯ ಹಬ್ಬಗಳಲ್ಲಿ ಗಂಭೀರ ಕಾರಣವಿಲ್ಲದೆ ಅದನ್ನು ಬಿಡಕೂಡದೆಂದು ವಿಧಿಸಿತು. ಪರಿಣಾಮವಾಗಿ ಯಾವ ದೇವಾಲಯದಲ್ಲಿ ಯಾವ ಭಾಷೆ ಎಂಬ ಪ್ರಶ್ನೆ ಬೆಂಗಳೂರು ಧರ್ಮಪ್ರಾಂತ್ಯದಲ್ಲಿ ದೀರ್ಘಕಾಲದ ವಿವಾದಕ್ಕೆ ಎಡೆಮಾಡಿತು. ಕನ್ನಡ ಕ್ರೈಸ್ತರ ಬೇಡಿಕೆಯ ತಿರುಳು ಸರಳವಾದುದು. ಜಪ ಮಾಡುವ, ಜಗಳ ಆಡುವ, ಜೋಗುಳ ಹಾಡುವ ಭಾಷೆಯಲ್ಲೇ ಪ್ರಸಂಗವನ್ನೂ ಕೇಳಬೇಕು.

ಪೂಜೆಯ ವಿಧಿಯಲ್ಲಿಯೇ ಶ್ರವಣದ ಶಿಕ್ಷಣ ಅಡಗಿದೆ. ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. 'ಹೆಬ್ಬೆರಳಿನಿಂದ ಹಣೆ, ತುಟಿ, ಎದೆಗಳ ಮೇಲೆ ಸಣ್ಣ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಕೇಳಿದ್ದು ಬುದ್ಧಿಯಲ್ಲಿ, ಬಾಯಿಯಲ್ಲಿ, ಹೃದಯದಲ್ಲಿ ನೆಲೆಸಲಿ ಎಂಬುದು ಇದರ ಸಂಕೇತ. ಅನಂತರ ಕುಳಿತು ಪ್ರಸಂಗ ಕೇಳುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಬೋಧಕನ ಪ್ರತಿ ಮಾತಿಗೂ ‘ಆಮೆನ್’, ‘ಹಲ್ಲೆಲೂಯ’ ಎಂಬ ಉತ್ತರ ಕೇಳಿಬರುತ್ತದೆ. ಹೂಂಗುಟ್ಟುವಿಕೆ ಅಲ್ಲಿ ಬೇರೆ ರೂಪದಲ್ಲಿ ಮರಳಿದೆ ಎನ್ನಬಹುದು. ಆದರೆ ಬಾಯಿಯ ಉತ್ತರ ಶ್ರವಣದ ಪ್ರಮಾಣವಾಗಬೇಕಿಲ್ಲ. ನಿದ್ದೆಗಣ್ಣಿನಲ್ಲಿಯೂ ಹೂಂಗುಟ್ಟಲು ಬರುತ್ತದೆ.

ಧ್ವನಿವರ್ಧಕ, ದೂರದರ್ಶನ, ಮೊಬೈಲ್ ಬಂದ ಮೇಲೆ ಪ್ರಸಂಗ ಎಲ್ಲೆಡೆ, ಎಲ್ಲ ಹೊತ್ತಿನಲ್ಲಿಯೂ ದೊರೆಯುತ್ತದೆ. 2024ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಜನ ನಿದ್ದೆಹೋಗದಂತೆ ಪ್ರಸಂಗವನ್ನು ಎಂಟು ನಿಮಿಷಕ್ಕೆ ಮಿತಿಗೊಳಿಸಬೇಕೆಂದು ಗುರುಗಳಿಗೆ ಸಲಹೆ ನೀಡಿದರು. ವರ್ಷಕ್ಕೊಮ್ಮೆ ಬರುವ ಗುರುವಿನ ಮಾತನ್ನು ವರ್ಷವಿಡೀ ನೆನೆಯುತ್ತಿದ್ದ ಕಾಲ ಒಂದು ತುದಿ. ಬೇಸರವಾದೊಡನೆ ಬೋಧಕನನ್ನು ಬೆರಳ ತುದಿಯಿಂದ ಸರಿಸಿ ಇನ್ನೊಬ್ಬನನ್ನು ಆರಿಸಿಕೊಳ್ಳುವ ಕಾಲ ಇನ್ನೊಂದು ತುದಿ. ಒಬ್ಬನೇ ಕೇಳುವವನಿಗೆ ಪಕ್ಕದಲ್ಲಿ ಹೂಂಗುಟ್ಟುವವನಿಲ್ಲ, ಕೇಳಿದ್ದನ್ನು ಪರೀಕ್ಷಿಸುವ ಗುಂಪಿಲ್ಲ, ನಡತೆಯನ್ನು ವಿಚಾರಿಸುವ ಹಿರಿಯರಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ರಾಮನಗರ ಸೀಮೆಯ ಕ್ರೈಸ್ತ ಚರಿತ್ರೆಯನ್ನು ಬೋಧಕರ ಚರಿತ್ರೆಯಾಗಿ ಮಾತ್ರ ಬರೆಯಲಾಗದು; ಗುರುವಿಲ್ಲದ ದಶಕಗಳಲ್ಲಿ ಪರಂಪರೆಯನ್ನು ಉಳಿಸಿದವರು ಕೇಳುಗರು. ಅವರ ಶ್ರವಣಕ್ರಮದಲ್ಲಿ ಧರ್ಮಸಭೆಯ ವಿಧಿಗಳೂ ಸೀಮೆಯ ಕಥನ ಪರಂಪರೆಯೂ ಬೆರೆತಿವೆ. ಕಿವಿಗೊಡುವುದು, ಪ್ರಶ್ನಿಸುವುದು, ನಡೆಯುವುದು ಈ ಮೂರರಲ್ಲಿ ಒಂದನ್ನು ಬಿಟ್ಟರೂ ಶ್ರವಣ ಅಪೂರ್ಣ. ಕಿವಿಗೊಟ್ಟು ಪ್ರಶ್ನಿಸದವನು ಯಾರು ಏನು ಹೇಳಿದರೂ ನಂಬುವ ಹಿತ್ತಾಳೆ ಕಿವಿಯವನಾಗುತ್ತಾನೆ. ಪ್ರಶ್ನಿಸಿ ನಡೆಯದವನು ವಾದಿಯಾಗಿ ಉಳಿಯುತ್ತಾನೆ.

ಈ ಸೀಮೆಯ ನೀಲಗಾರರ, ದೇವರಗುಡ್ಡರ ಹಾಡುಗಳಿಗೆ ಸಂದಿರುವ ಗಮನ ಇಲ್ಲಿಯ ಕ್ರೈಸ್ತ ಹಿರಿಯರ ಶ್ರವಣಸ್ಮೃತಿಗೂ ಸಲ್ಲಬೇಕು. ಉಪದೇಶಿಗಳಿಂದ ಕಲಿತ ಜಪಗಳು, ನೆನಪಿನಲ್ಲುಳಿದ ಹಳೆಯ ಪ್ರಸಂಗಗಳು, ಹಾರೋಬೆಲೆಯ ನಾಟಕದ ಪಾತ್ರಗಳ ಮಾತು ಇವುಗಳನ್ನು ಹೇಳಬಲ್ಲ ತಲೆಮಾರು ಇರುವಾಗಲೇ ದಾಖಲಿಸುವುದು ಅಗತ್ಯ. ಆ ಕೆಲಸಕ್ಕೆ ಹೊರಡುವ ಸಂಶೋಧಕ ಮೊದಲು ಅವರೆದುರು ಕುಳಿತು ಹೂಂಗುಟ್ಟಲು ಕಲಿಯಬೇಕಾಗುತ್ತದೆ.